ಹೆಸರಿನ ಕೊನೆಯ ‘ಅವ್ವ’

ಬೆಳಿಗ್ಗೆ ಐದೂವರೆಗೆ ಫೋನ್ ಬಂದರೆ ಎರಡೇ ಕಾರಣ. ಒಂದೋ ಊರಿನಿಂದ ಬಂದ ಯಾರೋ ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಇಳಿದು ಆಟೋದವನ ತೆಲುಗು ಅರ್ಥವಾಗದೆ ನಿಂತಿದ್ದಾರೆ, ಇಲ್ಲವೇ ಯಾರೋ ಹೋಗಿದ್ದಾರೆ. ಕಳೆದ ತಿಂಗಳು ಬಂದ ಫೋನ್ ಎರಡನೆಯ ಜಾತಿಯದು. ಎಂವಿಪಿ ಕಾಲೋನಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದ ‘ನೇವಿ ಮಾವ’ ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಹೆಸರು ಬರೆಯುವುದಿಲ್ಲ. ಮನೆಯವರಿಗೆ ಅದು ಇಷ್ಟವಿಲ್ಲ. ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಅವರು ನೇವಿ ಮಾವ, ಅಷ್ಟು ಸಾಕು. ಹಾವೇರಿ ಕಡೆಯವರು. ಎಪ್ಪತ್ತರ ದಶಕದ ಆರಂಭದಲ್ಲಿ ಮೀಸೆ ಮೂಡುವ ಮೊದಲೇ ನೌಕಾಪಡೆಗೆ ಸೇರಿದವರು. ಆಗ ಹುಡುಗ ನಾವಿಕರ ತರಬೇತಿ ನಡೆಯುತ್ತಿದ್ದದ್ದು ಇದೇ ವಿಶಾಖಪಟ್ಟಣದಲ್ಲಿ. ಒಡಿಶಾದ ಚಿಲ್ಕಾಕ್ಕೆ ಹೋದದ್ದು ಆಮೇಲೆ, 1980ರಲ್ಲಿ. ಹಾಗಾಗಿ ಊರು ಬಿಟ್ಟು ಅವರು ನೋಡಿದ ಮೊದಲ ಸಮುದ್ರ, ಮೊದಲ ಪರಭಾಷೆ, ಮೊದಲ ಆವಕಾಯ ಎಲ್ಲ ಇಲ್ಲಿಯದೇ. ಹದಿನೈದು ವರ್ಷ ನೇವಿ, ಆಮೇಲೆ ಬಂದರಿನ ಕಡೆ ಒಂದು ಕೆಲಸ, ಆಮೇಲೆ ಎಂವಿಪಿ ಕಾಲೋನಿಯಲ್ಲಿ ಎರಡು ಕೋಣೆಯ ಮನೆ. ಹೊಸಬರಿಗೆ ಹೇಳಬೇಕೆಂದರೆ, ಎಂವಿಪಿ ಅಂದರೆ ಯಾವುದೋ ಕಂಪನಿಯಲ್ಲ, ಮುವ್ವಲವಾನಿಪಾಲೆಂ. ಪೂರ್ತಿ ಹೆಸರು ಹೇಳಿದರೆ ಆಟೋದವನೇ ಒಂದು ಕ್ಷಣ ಯೋಚಿಸುತ್ತಾನೆ.

ನಾನು ಹೋಗುವಷ್ಟರಲ್ಲಿ ಅಕ್ಕಪಕ್ಕದ ತೆಲುಗು ಮನೆಯವರು ಶಾಮಿಯಾನ, ಕುರ್ಚಿ, ಐಸ್ ಪೆಟ್ಟಿಗೆ ಎಲ್ಲ ತರಿಸಿಯಾಗಿತ್ತು. ಇದನ್ನು ಇಲ್ಲಿ ಹೇಳಲೇಬೇಕು. ಪರಊರು, ಪರಭಾಷೆ ಎಂದು ನಾವು ಇಂಥ ಪತ್ರಿಕೆಗಳಲ್ಲಿ ಆಗಾಗ ಕೊರಗುತ್ತೇವೆ. ಆದರೆ ಸಾವಿನ ಮನೆಯಲ್ಲಿ ಮೊದಲು ಕಾಫಿ ಫ್ಲಾಸ್ಕ್ ಹಿಡಿದು ಬರುವವರು ಎದುರು ಮನೆಯವರೇ ಹೊರತು ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲ. ಗ್ರೂಪಿನಲ್ಲಿ ಅಷ್ಟು ಹೊತ್ತಿಗೆ ನಲವತ್ತು ಕೈಮುಗಿದ ಚಿತ್ರಗಳು ಬಂದಿದ್ದವು.

ಏಳು ಗಂಟೆಯ ಹೊತ್ತಿಗೆ ಪಕ್ಕದ ಅಪಾರ್ಟ್‌ಮೆಂಟಿನ ಇಬ್ಬರು ಹುಡುಗರು ಒಂದು ದೊಡ್ಡ ರಾಷ್ಟ್ರಧ್ವಜ ತಂದರು. ಹರ್ ಘರ್ ತಿರಂಗಾ ಶುರುವಾದ 2022ರಲ್ಲಿ ಕೊಂಡು ಮಡಿಸಿಟ್ಟದ್ದಂತೆ. “ಅಂಕಲ್ ನೇವಿಯವರು, ಮೇಲೆ ಹೊದಿಸೋಣ” ಅಂದರು. ಅವರ ಕಣ್ಣಿನಲ್ಲಿದ್ದದ್ದು ನಿಜವಾದ ಗೌರವ, ಅದರಲ್ಲಿ ಅನುಮಾನವಿಲ್ಲ. ನನಗೂ ಸರಿ ಅನ್ನಿಸಿತು. ಅಷ್ಟರಲ್ಲಿ ಮಾವನ ಜೊತೆ ಸಂಜೆ ವಾಕಿಂಗ್ ಹೋಗುತ್ತಿದ್ದ ಇನ್ನೊಬ್ಬ ಮಾಜಿ ಸೈನಿಕರು, ಶ್ರೀಕಾಕುಳಂ ಕಡೆಯವರು, ಹುಡುಗರ ಕೈಯಿಂದ ಧ್ವಜ ತೆಗೆದುಕೊಂಡು ನಿಧಾನವಾಗಿ ಮಡಿಸಿ ವಾಪಸ್ ಕೊಟ್ಟರು. “ಬೇಡ ಬಾಬೂ. ಅವನಿದ್ದಿದ್ದರೆ ನಮ್ಮಿಬ್ಬರಿಗೂ ಬೈಯುತ್ತಿದ್ದ.”

ಅವರು ಹೇಳಿದ್ದು ಸರಿ. 2002ರ ಧ್ವಜ ಸಂಹಿತೆಯ ಪ್ರಕಾರ ಪಾರ್ಥಿವ ಶರೀರದ ಮೇಲೆ ಧ್ವಜ ಹೊದಿಸುವುದು ಸರ್ಕಾರಿ ಗೌರವದ, ಸೇನೆಯ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆಯಲ್ಲಿ ಮಾತ್ರ. ಆಗಲೂ ಕೇಸರಿ ಬಣ್ಣ ತಲೆಯ ಕಡೆಗೇ ಇರಬೇಕು, ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಖಾಸಗಿ ಅಂತ್ಯಕ್ರಿಯೆಯಲ್ಲಿ ನಾವಾಗಿ ನಾವೇ ಹೊದಿಸಿದರೆ ಅದು ರಾಷ್ಟ್ರ ಗೌರವದ ಅವಮಾನ ತಡೆಯುವ ಕಾಯ್ದೆಯ ಕೆಳಗೆ ತಪ್ಪು. ಆ ಕಾಯ್ದೆ 1971ರದು. ಮಾವನ ಪಾಲಿಗೆ ಆ ವರ್ಷಕ್ಕೆ ಬೇರೆಯೇ ಅರ್ಥವಿತ್ತು, ಅದನ್ನು ಮುಂದೆ ಹೇಳುತ್ತೇನೆ. ನಿವೃತ್ತ ಸೈನಿಕರ ಮನೆ ನಿಮ್ಮ ಅಕ್ಕಪಕ್ಕದಲ್ಲಿದ್ದರೆ ಇದು ನೆನಪಿನಲ್ಲಿರಲಿ. ಪ್ರೀತಿಯಿಂದ ಮಾಡಿದ ಕೆಲಸ ಮನೆಯವರಿಗೆ ತೊಂದರೆಯಾಗಬಾರದು.

ಧ್ವಜದ ಬದಲು ಶ್ರೀಕಾಕುಳಂನ ಹಿರಿಯರು ಒಳಗೆ ಹೋಗಿ ಮಾವನ ಪದಕಗಳ ಡಬ್ಬಿ ತಂದು, ತಲೆದಿಂಬಿನ ಪಕ್ಕ ಒಂದು ಬಿಳಿ ಟವೆಲ್ ಹಾಸಿ ಸಾಲಾಗಿ ಇಟ್ಟರು. ಹತ್ತು ಗಂಟೆಗೆ ಹಳೆಯ ಜೊತೆಗಾರರು ಬಂದರು. ಎಲ್ಲರಿಗೂ ಎಪ್ಪತ್ತು ದಾಟಿತ್ತು. ಒಬ್ಬರು ವಾಕರ್ ಹಿಡಿದಿದ್ದರು, ಇನ್ನೊಬ್ಬರನ್ನು ಮಗ ತೋಳು ಹಿಡಿದು ನಿಲ್ಲಿಸಿದ್ದ. ಆರು ಜನ ಶಾಮಿಯಾನದ ಕೆಳಗೆ ಸಾಲಾಗಿ ನಿಂತು ಒಟ್ಟಿಗೆ ಸೆಲ್ಯೂಟ್ ಹೊಡೆದರು. ವಾಕರಿನವರು ಒಂದು ಕೈ ವಾಕರಿನ ಮೇಲಿಟ್ಟು ಇನ್ನೊಂದನ್ನು ಎತ್ತಿದರು. ಆ ಕೈ ನಡುಗುತ್ತಿತ್ತು, ಆದರೂ ಉಳಿದವರು ಇಳಿಸುವವರೆಗೂ ಇಳಿಯಲಿಲ್ಲ. ತುತ್ತೂರಿಯೂ ಇರಲಿಲ್ಲ, ಬಂದೂಕೂ ಇರಲಿಲ್ಲ. ರಸ್ತೆಯಲ್ಲಿ ರೈತು ಬಜಾರಿಗೆ ಹೊರಟಿದ್ದ ತಳ್ಳುಗಾಡಿಯವನು ತರಕಾರಿ ಕೂಗುವುದನ್ನು ನಿಲ್ಲಿಸಿ ನಿಂತಿದ್ದ.

ಮಾವನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಅವರನ್ನು ‘ಅತ್ತಿ’ ಅಂತೀವಿ, ಅವರು ಹೇಳುವ ಹಾಗೆಯೇ. ನಲವತ್ತು ವರ್ಷಕ್ಕೂ ಮೇಲೆ ಈ ಊರಿನಲ್ಲಿದ್ದಾರೆ. ರೈತು ಬಜಾರಿನಲ್ಲಿ ಅವರ ತೆಲುಗು ಕೇಳಬೇಕು, ಬದನೆಕಾಯಿಯವನು ಎರಡು ರೂಪಾಯಿ ಕಡಿಮೆ ಮಾಡಿ ಕೊಟ್ಟು ಕಳಿಸಿಬಿಡುತ್ತಾನೆ. ಆ ಬೆಳಿಗ್ಗೆ ಮಾತ್ರ ಅವರ ಬಾಯಿಂದ ಒಂದು ತೆಲುಗು ಪದ ಬರಲಿಲ್ಲ. ಎದುರು ಮನೆಯಾಕೆ ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತ ತೆಲುಗಿನಲ್ಲಿ ಏನೇನೋ ಸಮಾಧಾನ ಹೇಳುತ್ತಿದ್ದರು, ಇವರು ಗೋಡೆ ನೋಡುತ್ತಿದ್ದರು. ನನ್ನ ಹೆಂಡತಿ ಹೋಗಿ “ಅತ್ತಿ” ಅಂದದ್ದೇ ತಡ, ಕಟ್ಟೆ ಒಡೆಯಿತು.

“ನಿನ್ನೆ ರಾತ್ರಿ ರೊಟ್ಟಿ ಬೇಕಂದ್ರವಾ. ಹಿಟ್ಟು ಮುಗದೈತಿ, ನಾಳಿ ಮಾಡ್ತೀನಿ ಅಂದೆ. ನಾಳಿ ಅಂದೆ ನೋಡು.”

ಅದನ್ನೇ ಎಷ್ಟು ಸಲ ಹೇಳಿದರೋ. ನನ್ನ ಹೆಂಡತಿ ತುಮಕೂರು ಕಡೆಯವಳು, ಆ ಕನ್ನಡ ಅವಳಿಗೆ ಪೂರ್ತಿ ಬರುವುದಿಲ್ಲ. ಆದರೂ ಅಂದು ಅತ್ತಿಗೆ ಬೇಕಿದ್ದದ್ದು ಉತ್ತರವಲ್ಲ, ರೊಟ್ಟಿ ಎಂದರೆ ಏನೆಂದು ವಿವರಿಸಬೇಕಿಲ್ಲದ ಒಬ್ಬರು. ಇಬ್ಬರು ಮಕ್ಕಳೂ ಬರಲು ಇನ್ನೂ ಸಮಯವಿತ್ತು. ಒಬ್ಬ ಪುಣೆಯಲ್ಲಿ, ಮಗಳು ಇನ್ನೂ ದೂರ.

ನಾನು ಅಲ್ಲಿ ಮಾಡಿದ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಏನಾದರೂ ಹೇಳಬೇಕಲ್ಲ ಎಂದು, “ಅತ್ತಿ, ದೇಶಕ್ಕೆ ಸೇವೆ ಮಾಡಿದ ಜೀವ, ಪುಣ್ಯವಂತರು” ಅಂದೆ. ಅತ್ತಿ ಅಳು ನಿಲ್ಲಿಸಿ ನನ್ನ ಮುಖ ನೋಡಿದರು. “ದೇಶಕ್ಕ ಮಾಡ್ಯಾರ, ಖರೆ. ಈಗ ಗ್ಯಾಸ್ ಬುಕ್ ಮಾಡೋರ ಯಾರ?” ಅಂದರು. ವ್ಯಂಗ್ಯವಲ್ಲ, ನಿಜವಾದ ಪ್ರಶ್ನೆ. ಆ ಮನೆಯಲ್ಲಿ ಗ್ಯಾಸು, ಕರೆಂಟು ಬಿಲ್ಲು, ಬ್ಯಾಂಕು, ಆಸ್ಪತ್ರೆಯ ಕಾರ್ಡು, ಊರಿನ ಹೊಲದ ಪಹಣಿ ಎಲ್ಲ ಮಾವನ ಫೋನಿನೊಳಗಿತ್ತು, ಆ ಫೋನಿನ ಪಾಸ್‌ವರ್ಡ್ ಮಾವನ ತಲೆಯೊಳಗಿತ್ತು.

ಮಧ್ಯಾಹ್ನ ಎಲ್ಲ ಮುಗಿದು ಮನೆಗೆ ಬಂದ ಮೇಲೆ ಅತ್ತಿ ಇನ್ನೊಂದು ಮಾತು ಹೇಳಿದರು. ಈ ಅಂಕಣ ಬರೆಯಲು ಕುಳಿತದ್ದು ಅದರಿಂದಲೇ. “ನನಗ ಮುಖ ನೋಡಾಕರ ಸಿಕ್ತು. ಆ ವಿಮಾನದಾಗ ಹೋದವರ ಮನ್ಯಾಗ ಅದೂ ಸಿಗಲಿಲ್ಲ.”

ಯಾವ ವಿಮಾನ ಎಂದು ಕೇಳಬೇಕಿರಲಿಲ್ಲ.

ವಿಶಾಖಪಟ್ಟಣದಲ್ಲಿ ಬಸ್ಸು ಹತ್ತಿದವರಿಗೆಲ್ಲ ‘ಎನ್‌ಎಡಿ’ ಗೊತ್ತು. ಎನ್‌ಎಡಿ ಕೊತ್ತರೋಡ್ಡು, ದೊಡ್ಡ ಜಂಕ್ಷನ್, ಈಗ ಮೇಲುಸೇತುವೆ. ಮದ್ದಿಲಪಾಲೆಂನಿಂದ ಗಾಜುವಾಕ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರು ಆ ಮೂರು ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಅದರ ಅರ್ಥ ನೇವಲ್ ಆರ್ಮಮೆಂಟ್ ಡಿಪೋ, ನೌಕಾಪಡೆಯ ಮದ್ದುಗುಂಡು ಆಯುಧಗಳ ಕೋಠಿ, ಎಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ, 2016ರ ಜುಲೈನಲ್ಲಿ.

ಆ ತಿಂಗಳ 22ರಂದು, ಶುಕ್ರವಾರ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ವಾಯುಪಡೆಯ ಎಎನ್-32 ವಿಮಾನ ಚೆನ್ನೈ ಪಕ್ಕದ ತಾಂಬರಂನಿಂದ ಪೋರ್ಟ್‌ಬ್ಲೇರಿಗೆ ಹೊರಟಿತು. ಒಳಗೆ 29 ಜನ. ವಿಮಾನದ ಸಿಬ್ಬಂದಿ, ವಾಯುಪಡೆಯವರು, ಸೇನೆಯವರು, ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಒಬ್ಬೊಬ್ಬರು, ಮತ್ತು ವಿಶಾಖಪಟ್ಟಣದ ಎನ್‌ಎಡಿಯ ಎಂಟು ಜನ ನಾಗರಿಕ ನೌಕರರು. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ರೇಡಾರಿನಿಂದ ಮಾಯವಾಯಿತು. ಬಂಗಾಳಕೊಲ್ಲಿಯ ಮೇಲೆ, ಮಳೆಗಾಲದ ಮೋಡದೊಳಗೆ.

ಆ 29 ಜನರಲ್ಲಿ ಒಬ್ಬರು ನಮ್ಮವರು, ಬೆಳ್ತಂಗಡಿ ತಾಲ್ಲೂಕಿನ ಗುರುವಾಯನಕೆರೆಯ ಏಕನಾಥ ಶೆಟ್ಟಿ. ಸೇನೆಯಲ್ಲಿ ಸೇವೆ ಮುಗಿಸಿ ನಿವೃತ್ತರಾದ ಮೇಲೆ ಡಿಫೆನ್ಸ್ ಸೆಕ್ಯುರಿಟಿ ಕೋರಿನಲ್ಲಿ ಮತ್ತೆ ಸಮವಸ್ತ್ರ ತೊಟ್ಟವರು. ಈ ಕೋರ್ ಬಹುಪಾಲು ಮಾಜಿ ಸೈನಿಕರದೇ. ಮೂವತ್ತೈದು ನಲವತ್ತಕ್ಕೆ ನಿವೃತ್ತಿ, ಮಕ್ಕಳ ಓದು ಇನ್ನೂ ಬಾಕಿ, ಊರಿನಲ್ಲಿ ಕೆಲಸವಿಲ್ಲ ಎನ್ನುವವರು ಇಲ್ಲಿ ಸೇರಿ ರಕ್ಷಣಾ ಇಲಾಖೆಯ ಕಟ್ಟಡ, ಡಿಪೋ, ನೆಲೆಗಳನ್ನು ಕಾಯುತ್ತಾರೆ. ‘ಮಾಜಿ’ ಎಂಬ ಪದ ಎಷ್ಟು ಸಡಿಲವಾದದ್ದು ನೋಡಿ. ನಾವು ಸಿನಿಮಾದಲ್ಲಿ ನೋಡುವ ಮಾಜಿ ಸೈನಿಕ ತೋಟದ ಮನೆಯಲ್ಲಿ ಕುಳಿತು ಮೀಸೆ ತಿರುವುತ್ತಾನೆ. ನಿಜವಾದವನು ಇನ್ನೊಂದು ಗೇಟಿನ ಮುಂದೆ ರಾತ್ರಿ ಪಾಳಿಯಲ್ಲಿ ನಿಂತಿರುತ್ತಾನೆ, ಇಲ್ಲವೇ ಇನ್ನೊಂದು ವಿಮಾನ ಹತ್ತುತ್ತಾನೆ.

ಆ ದಿನಗಳಲ್ಲಿ ನೇವಿ ಮಾವ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಹಡಗುಗಳು ಹೋದವು, ವಿಮಾನಗಳು ಹೋದವು, ಸಬ್‌ಮರೀನ್ ಹೋಯಿತು. ಸಮುದ್ರದ ಮೇಲೆ ಇಷ್ಟು ದೊಡ್ಡ ಹುಡುಕಾಟ ನಮ್ಮ ದೇಶದಲ್ಲಿ ಅಪರೂಪ. ಕಾಣೆಯಾದ ಒಬ್ಬರ ಫೋನು ರಿಂಗ್ ಆಯಿತು ಎಂದು ಮನೆಯವರು ಹೇಳಿದ ಸುದ್ದಿ ಬಂದಾಗ ಅತ್ತಿ “ನೋಡ್ರಿ, ನೋಡ್ರಿ” ಎಂದು ಕೂಗಿದ್ದರಂತೆ. ಮಾವ ಮಾತಾಡಲಿಲ್ಲವಂತೆ. ಆಮೇಲೆ, ರಾತ್ರಿ ಊಟಕ್ಕೆ ಕುಳಿತಾಗ, “ಆ ಸಮುದ್ರದ ಆಳ ನನಗೆ ಗೊತ್ತು” ಅಂದರಂತೆ, ಅಷ್ಟೇ.

ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಹುಡುಕಾಟ ನಿಂತಿತು. 29 ಜನರೂ ಮೃತರಾಗಿದ್ದಾರೆಂದು ಭಾವಿಸಲಾಗಿದೆ ಎಂದು ಮನೆಗಳಿಗೆ ತಿಳಿಸಲಾಯಿತು. ಆ ‘ಭಾವಿಸಲಾಗಿದೆ’ ಎನ್ನುವ ಕ್ರಿಯಾಪದವನ್ನು ಸ್ವಲ್ಪ ಯೋಚಿಸಿ. ಕಚೇರಿಗೆ ಅದು ಸಾಕು, ಕಡತ ಮುಂದೆ ಹೋಗುತ್ತದೆ, ಪಿಂಚಣಿ ಬರುತ್ತದೆ. ಮನೆಗೆ ಸಾಕೇ? ಕುಂಕುಮ ಅಳಿಸಬೇಕೇ ಬೇಡವೇ ಎಂದು ಯಾರನ್ನು ಕೇಳುವುದು? ಫೋಟೋಗೆ ಹಾರ ಹಾಕುವ ಕೈ ಯಾರದು? ಹಾರ ಹಾಕಿದವರೇ ಅವರನ್ನು ಕೊಂದಂತೆ ಅನ್ನಿಸುವುದಿಲ್ಲವೇ?

ಏಳು ವರ್ಷ ಯಾರ ಕಿವಿಗೂ ಸುದ್ದಿ ಬೀಳದಿದ್ದರೆ ಮನುಷ್ಯ ಸತ್ತನೆಂದು ಭಾವಿಸಬಹುದು ಎನ್ನುತ್ತಿತ್ತು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆ. ಹೊಸ ಕಾಯ್ದೆಯಲ್ಲೂ ಆ ಏಳು ವರ್ಷ ಹಾಗೆಯೇ ಇದೆ. ನಮ್ಮ ಹಿರಿಯರ ಶಾಸ್ತ್ರದಲ್ಲಿ ಕೆಲವರು ಹನ್ನೆರಡು ವರ್ಷ ಕಾಯಬೇಕು ಅಂದಿದ್ದಾರೆ. ಕಾದ ಮೇಲೂ ದೇಹ ಸಿಗದಿದ್ದರೆ ಮುತ್ತುಗದ ಎಲೆಯ 360 ದಂಟುಗಳಿಂದ, ದರ್ಭೆಯಿಂದ ಒಂದು ಆಕಾರ ಮಾಡಿ ಅದಕ್ಕೆ ಸಂಸ್ಕಾರ ಮಾಡುವ ಪದ್ಧತಿ ಇದೆ. ಚಿಕ್ಕಂದಿನಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಎಲೆಯನ್ನು ಸುಟ್ಟರೆ ಯಾರಿಗೆ ಏನು ಸಿಗುತ್ತದೆ ಎಂದು. ಈಗ ನಗು ಬರುವುದಿಲ್ಲ. ಕೈಗೆ ಏನಾದರೂ ಸಿಕ್ಕಬೇಕು, ಅದನ್ನು ಇಟ್ಟು ಎದ್ದು ಬರಬೇಕು, ಬಂದು ಸ್ನಾನ ಮಾಡಬೇಕು. ಇಲ್ಲದಿದ್ದರೆ ಮನೆಯವರು ಬಾಗಿಲ ಕಡೆಯೇ ನೋಡುತ್ತ ಕೂರುತ್ತಾರೆ.

ಬಾಗಿಲು ನೋಡುತ್ತ ಏಳೂವರೆ ವರ್ಷ ಕಳೆಯಿತು. 2024ರ ಜನವರಿ 12ರಂದು ರಕ್ಷಣಾ ಸಚಿವಾಲಯ ಒಂದು ಪ್ರಕಟಣೆ ಕೊಟ್ಟಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಸಮುದ್ರದ ಆಳಕ್ಕೆ ಇಳಿಸಿದ ಮಾನವರಹಿತ ನೌಕೆಯೊಂದು ಚೆನ್ನೈ ತೀರದಿಂದ ಸುಮಾರು 140 ನಾಟಿಕಲ್ ಮೈಲಿ ದೂರದಲ್ಲಿ, 3,400 ಮೀಟರ್ ಆಳದಲ್ಲಿ ವಿಮಾನದ ಅವಶೇಷಗಳ ಚಿತ್ರ ತೆಗೆದಿತ್ತು. ಅದು ಎಎನ್-32ಕ್ಕೆ ಹೊಂದುತ್ತದೆ, ಆ ಭಾಗದಲ್ಲಿ ಬೇರಾವ ವಿಮಾನವೂ ಕಾಣೆಯಾದ ದಾಖಲೆ ಇಲ್ಲ ಎಂದಿತು ಪ್ರಕಟಣೆ. 3,400 ಮೀಟರ್ ಎಂದರೆ ನಮ್ಮ ಮುಳ್ಳಯ್ಯನಗಿರಿಯನ್ನು ತಲೆಕೆಳಗಾಗಿ ನಿಲ್ಲಿಸಿದರೂ ತಳ ಮುಟ್ಟುವುದಿಲ್ಲ, ಇನ್ನೂ ಒಂದೂವರೆ ಕಿಲೋಮೀಟರ್ ಉಳಿಯುತ್ತದೆ.

ಆ ದಿನ ಮಾವ ನನಗೆ ಫೋನ್ ಮಾಡಿದ್ದರು. “ಸಿಕ್ಕಿತಂತೆ” ಅಂದರು. ಸಿಕ್ಕಿದ್ದೇನು? ದೇಹವಲ್ಲ. ಮೂಳೆಯೂ ಅಲ್ಲ. ಸಮುದ್ರದ ತಳದ ಕೆಲವು ಚಿತ್ರಗಳು. ಆದರೆ ಮಾವನ ದನಿಯಲ್ಲಿ ಒಂದು ಹಗುರ ಇತ್ತು. ನನಗೆ ಆಗ ಅರ್ಥವಾಗಲಿಲ್ಲ. ‘ಎಲ್ಲಿ’ ಎಂದು ಕೇಳಿದರೆ ಬೆರಳು ತೋರಿಸಲು ಒಂದು ಜಾಗ ಸಿಕ್ಕಿತ್ತು. ಇಲ್ಲಿನ ಎಂಟು ಮನೆಗಳಿಗೂ, ಅತ್ತ ಗುರುವಾಯನಕೆರೆಗೂ. ಅದು ಸಮಾಧಾನವೇ ಎಂದು ಹೇಳುವ ಅಧಿಕಾರ ನನಗಿಲ್ಲ. ಆ ಮನೆಗಳ ಹೊಸ್ತಿಲು ನಾನು ತುಳಿದಿಲ್ಲ.

ನಾವಿಕನಿಗೆ ಈ ‘ಎಲ್ಲಿ’ಯ ಲೆಕ್ಕ ಬೇರೆ. 1971ರ ಡಿಸೆಂಬರ್ 9ರ ರಾತ್ರಿ ಅರಬ್ಬಿ ಸಮುದ್ರದಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿಯ ಜೊತೆ ಹೋದ 18 ಅಧಿಕಾರಿಗಳು ಮತ್ತು 176 ನಾವಿಕರಿಗೆ ಹಡಗೇ ಗೋರಿ. ದೀವ್‌ನ ದಡದಲ್ಲಿ ಗಾಜಿನೊಳಗೆ ಆ ಹಡಗಿನ ಪುಟ್ಟ ಪ್ರತಿಕೃತಿ ಇಟ್ಟಿದ್ದಾರೆ, ಅದರ ಮುಂದೆ ಜನ ಹೂವಿಡುತ್ತಾರೆ. ಅದಕ್ಕೂ ಆರು ದಿನ ಮೊದಲು, ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ, ಇದೇ ವಿಶಾಖಪಟ್ಟಣದ ಬಾಗಿಲಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಮುಳುಗಿತು. ದಡದ ಮನೆಗಳ ಕಿಟಕಿ ಗಾಜು ಅದುರಿದ ಕಥೆ ಇಲ್ಲಿನ ಹಳಬರೆಲ್ಲ ಹೇಳುತ್ತಾರೆ. ಮಾವ ಆ ರಾತ್ರಿ ನೆಲೆಯಲ್ಲಿದ್ದ ಹುಡುಗ. ಪ್ರತಿ ಡಿಸೆಂಬರ್ 4ರಂದು ಆರ್‌ಕೆ ಬೀಚಿನಲ್ಲಿ ನೌಕಾಪಡೆಯ ಪ್ರದರ್ಶನ ನೋಡಲು ಜನ ಮುಗಿಬೀಳುವಾಗ ಅವರು ನನ್ನನ್ನು ‘ವಿಕ್ಟರಿ ಅಟ್ ಸೀ’ ಸ್ಮಾರಕದ ಹತ್ತಿರ ನಿಲ್ಲಿಸಿ ಅದೇ ಕಥೆಯನ್ನು ಹೇಳುತ್ತಿದ್ದರು. ಕೊನೆಗೆ ಯಾವಾಗಲೂ ಒಂದು ಮಾತು: “ಅದರೊಳಗೂ ತೊಂಬತ್ತು ಚಿಲ್ಲರೆ ಹುಡುಗರಿದ್ದರು. ಅವರ ಅವ್ವಂದಿರೂ ಕಾದಿರಬೇಕು.” ಶತ್ರುವಿನ ಬಗ್ಗೆ ಹೀಗೆ ಮಾತಾಡಿದ್ದಕ್ಕೆ ಒಂದು ಸಲ ಪಕ್ಕದಲ್ಲಿದ್ದ ಯಾರೋ ಗುರಾಯಿಸಿ ನೋಡಿದ್ದರು. ಮಾವ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತದೆ. ಆ 29 ಜನರಲ್ಲಿ ಎನ್‌ಎಡಿಯ ಎಂಟು ಮಂದಿ ಸಮವಸ್ತ್ರದವರಲ್ಲ. ಆಯುಧ ರಿಪೇರಿ ಮಾಡುವ, ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುವ ಜನ. ಅವರಿಗೆ ‘ಹುತಾತ್ಮ ಯೋಧ’ ಎಂಬ ಪದ ಹಚ್ಚುವುದು ಹೇಗೆ ಎಂದು ಪತ್ರಿಕೆಗಳೂ ತಡವರಿಸಿದ್ದು ನೆನಪಿದೆ. ಅದೇ ವಿಮಾನ, ಅದೇ ಸಮುದ್ರ, ಅದೇ ಆಳ. ನನಗೆ ಕೇಳಿದರೆ ಪದ ಒಂದೇ ಇರಬೇಕು. ಇಲ್ಲದಿದ್ದರೆ ಯಾವ ಪದವೂ ಬೇಡ, ಹೆಸರುಗಳನ್ನು ಓದಿದರೆ ಸಾಕು.

ಹೆಸರು ಅಂದೆನಲ್ಲ, ಅಲ್ಲಿಗೇ ಬರುತ್ತೇನೆ.

ಹದಿಮೂರು ದಿನ ಕಳೆದವು. ಮಕ್ಕಳು ಬಂದು, ಮಾಡುವುದೆಲ್ಲ ಮಾಡಿ, ಅತ್ತಿಯನ್ನು ಕರೆದರು. ಅತ್ತಿ “ಬರ್ತೀನಿ, ಈಗಲ್ಲ” ಅಂದರು. ರಜೆ ಮುಗಿಯಿತು, ಮಕ್ಕಳು ಹೋದರು. ಪಿಂಚಣಿಯ ಕೆಲಸ ನನ್ನ ಮೇಲೆ ಬಿತ್ತು, ನನಗೆ ಇಂಥ ಕೆಲಸ ಬರುತ್ತದೆ ಎಂಬ ಅಪಕೀರ್ತಿ ಇರುವುದರಿಂದ. ಮಹಾನಗರ ಪಾಲಿಕೆಯ ಮರಣ ಪ್ರಮಾಣಪತ್ರ, ಮಾವನ ಪಿಂಚಣಿ ಆದೇಶದ ಪ್ರತಿ, ಅತ್ತಿಯ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ, ಫೋಟೋ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ ಹೊರಟೆವು. ಈಗ ರಕ್ಷಣಾ ಪಿಂಚಣಿ ಎಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಸಾಮಾನ್ಯ ಕುಟುಂಬ ಪಿಂಚಣಿ ಎಂದರೆ ಕೊನೆಯ ವೇತನದ ಶೇಕಡಾ 30. ದೊಡ್ಡ ಮೊತ್ತವಲ್ಲ, ಆದರೆ ಅತ್ತಿಯ ಕೈಗೆ ಅವರದೇ ಹೆಸರಿನಲ್ಲಿ ಬರುವ ಮೊದಲ ಹಣ.

ಕೌಂಟರಿನಲ್ಲಿ ಕುಳಿತಿದ್ದ ಹುಡುಗ ಎರಡು ಕಾಗದ ಪಕ್ಕ ಪಕ್ಕ ಇಟ್ಟು ತಲೆಯಾಡಿಸಿದ. ಮಾವನ ಸೇವಾ ದಾಖಲೆಯಲ್ಲಿ ಹೆಂಡತಿಯ ಹೆಸರಿನ ಕೊನೆಗೆ ‘ಅವ್ವ’. ಮದುವೆಯಾದ ವರ್ಷ ಮಾವ ಬರೆಸಿದ್ದು. ಆಧಾರಿನಲ್ಲಿ ಅದೇ ಹೆಸರಿನ ಕೊನೆಗೆ ‘ಅಮ್ಮ’. ಆಧಾರ್ ಮಾಡಿಸುವ ದಿನ ಇಲ್ಲಿ ಕುಳಿತಿದ್ದವನಿಗೆ ಅವ್ವ ಎಂದರೆ ಅಜ್ಜಿ; ಕಾಗುಣಿತ ತಪ್ಪಿದೆ ಎಂದು ಅವನೇ ತಿದ್ದಿ ಅಮ್ಮ ಮಾಡಿದ್ದ. ಬ್ಯಾಂಕಿನವರು ಆಧಾರ್ ನೋಡಿ ಅಮ್ಮ ಮಾಡಿದ್ದರು. ಹೀಗೆ ಹತ್ತು ವರ್ಷದಲ್ಲಿ ಹಾವೇರಿಯ ಅವ್ವ ಆಂಧ್ರದ ಅಮ್ಮ ಆಗಿಬಿಟ್ಟಿದ್ದರು, ಯಾರಿಗೂ ತಿಳಿಯದ ಹಾಗೆ. ಕಂಪ್ಯೂಟರಿನ ಪ್ರಕಾರ ಮಾವನ ಹೆಂಡತಿ ಒಬ್ಬರು, ಎದುರು ಕುಳಿತ ಮುದುಕಿ ಇನ್ನೊಬ್ಬರು.

“ಸುಲಭ ಸರ್” ಅಂದ ಹುಡುಗ. “ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ದಾಖಲೆಯಲ್ಲಿ ಅಮ್ಮ ಮಾಡಿಸಿಬಿಡಿ, ಎಲ್ಲ ಕಡೆ ಅಮ್ಮ ಇದೆಯಲ್ಲ.” ನನಗೂ ಅದೇ ಸರಿ ಅನ್ನಿಸಿತು, ಬೇಗ ಮುಗಿಯುತ್ತದೆ. ಅತ್ತಿಗೆ ಕನ್ನಡದಲ್ಲಿ ವಿವರಿಸಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಂದರು, “ಅದನ್ನ ತಿದ್ದಬ್ಯಾಡಪಾ. ಅದು ಅವರು ಬರಸಿದ್ದು. ತಿದ್ದೂದಾದ್ರ ಇವನ್ನ ತಿದ್ದು.”

ಆ ಹೆಸರನ್ನು ಪೂರ್ತಿಯಾಗಿ, ಕೊನೆಯ ಅವ್ವನ ಸಮೇತ, ಈ ಊರಿನಲ್ಲಿ ಕರೆಯುತ್ತಿದ್ದದ್ದು ಒಬ್ಬರೇ. ನಾವೆಲ್ಲ ಅತ್ತಿ ಅಂತೀವಿ, ತೆಲುಗಿನವರು ಅಮ್ಮಗಾರು ಅಂತಾರೆ, ಮಕ್ಕಳು ಮಮ್ಮಿ. ಸಂಜೆ ವಾಕಿಂಗಿನಿಂದ ಬಂದು ಗೇಟಿನಲ್ಲೇ ಮಾವ ಕೂಗುತ್ತಿದ್ದದ್ದು ಬೀದಿಗೆಲ್ಲ ಕೇಳುತ್ತಿತ್ತು. ನನಗೆ ಈಗ ತಾನೇ ಹೊಳೆದ ಹಾಗೆ ಆಯಿತು, ಆ ಕೂಗು ನಿಂತು ಎಷ್ಟು ದಿನವಾಯಿತು ಎಂದು.

ಸರಿ, ಉಲ್ಟಾ ದಾರಿ ಹಿಡಿದೆವು. ಊರಿನ ಶಾಲೆಯಿಂದ ಅತ್ತಿಯ ನಾಲ್ಕನೇ ಇಯತ್ತೆಯ ದಾಖಲೆ ತರಿಸಿದೆವು. ಅವರ ತಮ್ಮನ ಮಗ ಎರಡು ದಿನ ಅಲೆದು ಕಳಿಸಿದ. ಆಧಾರ್ ಕೇಂದ್ರದಲ್ಲಿ ಎರಡು ಸಲ ವಾಪಸ್ ಬಂದೆವು. ಒಂದು ಸಲ ಬೆರಳಚ್ಚು ಮೂಡಲಿಲ್ಲ. ನಲವತ್ತು ವರ್ಷ ರೊಟ್ಟಿ ತಟ್ಟಿದ ಕೈ, ರೇಖೆ ಎಲ್ಲಿ ಉಳಿಯಬೇಕು? ಕಣ್ಣಿನ ಗುರುತಿನಿಂದ ಮಾಡಿದರು. ಆಧಾರ್ ಬಂದ ಮೇಲೆ ಬ್ಯಾಂಕು, ಬ್ಯಾಂಕಿನ ಮೇಲೆ ಪಿಂಚಣಿ. ಎರಡು ವಾರದಲ್ಲಿ ಮುಗಿಯಬೇಕಿದ್ದದ್ದು ತಿಂಗಳು ದಾಟಿತು. ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಿಕ್ಕ ಒಬ್ಬ ಮಾಜಿ ಹವಾಲ್ದಾರರು ಹೇಳಿದರು, ಹತ್ತು ಅರ್ಜಿಯಲ್ಲಿ ಮೂರು ನಾಲ್ಕು ಹೀಗೆ ಹೆಸರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆಯಂತೆ. ಅದು ಅವರ ಅಂದಾಜು. ಆದರೆ ಕನ್ನಡದ ಹೆಸರನ್ನು ಹಿಂದಿಯವನು ಕೇಳಿ, ಇಂಗ್ಲಿಷಿನಲ್ಲಿ ಬರೆದು, ತೆಲುಗಿನವನು ಓದಿದರೆ ಏನಾಗುತ್ತದೆ ಎಂದು ನಮಗೆ ಯಾರೂ ಲೆಕ್ಕ ಹೇಳಬೇಕಿಲ್ಲ.

ಈ ಅಂಕಣ ಓದುತ್ತಿರುವ ನಿಮ್ಮಲ್ಲಿ ಕೆಲವರ ಅಪ್ಪಂದಿರು, ಮಾವಂದಿರು ಸೇನೆಯಿಂದ ನಿವೃತ್ತರಾಗಿ ಊರಿನಲ್ಲೋ, ನಿಮ್ಮ ಜೊತೆ ಮುಂಬೈ, ಹೈದರಾಬಾದು, ದೆಹಲಿಯಲ್ಲೋ ಇರಬಹುದು. ಈ ಭಾನುವಾರ ಅವರ ಪಿಂಚಣಿ ಆದೇಶ ತೆಗೆಸಿ ನೋಡಿ. ಅಮ್ಮನ ಹೆಸರು, ಹುಟ್ಟಿದ ದಿನ ಆಧಾರಿನಲ್ಲಿ ಇರುವ ಹಾಗೆಯೇ ಇದೆಯೇ? ಖಾತೆ ಜಂಟಿಯಾಗಿದೆಯೇ? ಆಸ್ಪತ್ರೆಯ ಇಸಿಎಚ್‌ಎಸ್ ಕಾರ್ಡು ಅಮ್ಮನದೂ ಇದೆಯೇ, ಅದು ಎಲ್ಲಿದೆ ಎಂದು ಅಮ್ಮನಿಗೆ ಗೊತ್ತೇ? ಅವರು ಇದ್ದಾಗ ಇದು ಅರ್ಧ ದಿನದ ಕೆಲಸ. ಕೇಳಲು ಮುಜುಗರವಾಗುತ್ತದೆ, ಗೊತ್ತು. ಸೈನಿಕರಿಗೆ ಆಗುವುದಿಲ್ಲ. ಅವರು ಇಂಥ ಕಾಗದಗಳನ್ನು ಇಪ್ಪತ್ತನೆಯ ವಯಸ್ಸಿಗೇ ತುಂಬಿಸಿಕೊಟ್ಟು ಬಂದವರು. ‘ಹತ್ತಿರದ ಸಂಬಂಧಿ ಯಾರು’ ಎಂಬ ಕಾಲಂ ತುಂಬದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಇನ್ನು ಸಾವಿನ ಮನೆಗೆ ಹೋದಾಗ ಏನು ಹೇಳಬೇಕು ಎಂಬುದು. ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಏನು ಹೇಳಬಾರದು ಎಂದು ಸ್ವಲ್ಪ ತಿಳಿದಿದೆ. ಹದಿಮೂರು ದಿನದಲ್ಲಿ ಅತ್ತಿಗೆ ಬಂದವರೆಲ್ಲ ಮಾವನ ವಿಷಯ ಬಿಟ್ಟು ಬೇರೆ ಮಾತಾಡಿದರು. ಮರೆಯಲಿ ಎಂದು. ಶ್ರೀಕಾಕುಳಂನ ಹಿರಿಯರು ಮಾತ್ರ ದಿನಾ ಸಂಜೆ ಬಂದು ಮಾವನ ಕಥೆಯೊಂದನ್ನು ಹೇಳಿ ಹೋಗುತ್ತಿದ್ದರು. ಹಡಗಿನ ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಜೋಳದ ಹಿಟ್ಟು ಸಿಗದೆ ಮೈದಾದಲ್ಲಿ ರೊಟ್ಟಿ ತಟ್ಟಲು ಹೋಗಿದ್ದು, ಅದು ಅಂಟಿಕೊಂಡು ಭಾಂಡೆ ಸಮೇತ ಸಮುದ್ರಕ್ಕೆ ಎಸೆದದ್ದು. ಅತ್ತಿಗೆ ಇದು ಗೊತ್ತೇ ಇರಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿ, ಗಂಡ ಹೋದ ಹತ್ತನೆಯ ದಿನ ಅವನ ಬಗ್ಗೆ ಹೊಸದೊಂದು ಕೇಳಿ ಅವರು ನಕ್ಕರು. ಬಾಯಿಗೆ ಸೆರಗು ಇಟ್ಟುಕೊಂಡು, ಯಾರಾದರೂ ನೋಡಿದರೇನೋ ಎಂಬ ಹಾಗೆ.

ಮೊನ್ನೆ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ, ಗೋಪಾಲಪಟ್ಟಣಂ ಕಡೆ ಒಬ್ಬ ಸಂಬಂಧಿಕರನ್ನು ನೋಡಲು. ಕಂಡಕ್ಟರು ಎಂದಿನಂತೆ ಎನ್‌ಎಡಿ ಎನ್‌ಎಡಿ ಎಂದು ಕೂಗಿದ. ಅರ್ಧ ಬಸ್ಸು ಇಳಿಯಿತು. ಅತ್ತಿ ಕಿಟಕಿಯಿಂದ ಹೊರಗೆ ನೋಡಿ, “ಆ ಎಂಟು ಮಂದಿ ಮನಿ ಇಲ್ಲೇ ಎಲ್ಲೋ ಇರಬೇಕು, ಅಲ್ಲೇನು?” ಅಂದರು. ಇರಬಹುದು ಅತ್ತಿ ಅಂದೆ. “ಅವರ ಮನ್ಯಾಗ ಹೆಸರು ಎಲ್ಲಾ ಸರಿ ಇದ್ದವೋ ಏನೋ” ಅಂದರು. ಬಸ್ಸು ಮೇಲುಸೇತುವೆಯ ಬುಡದಲ್ಲಿ ತಿರುಗಿತು.

ಗ್ಯಾಸ್ ಬುಕ್ ಮಾಡುವುದನ್ನು ನನ್ನ ಹೆಂಡತಿ ಕಲಿಸಿಕೊಟ್ಟಿದ್ದಾಳೆ. ಸಿಲಿಂಡರ್ ತಂದವನು ನಂಬರ್ ಕೇಳಿದಾಗ ಅತ್ತಿ ತೆಲುಗಿನ ಅಂಕಿಗಳನ್ನು ಮರೆತು ಕನ್ನಡದಲ್ಲೇ ಓದಿ ಹೇಳಿದರಂತೆ, ಅವನು ಸರಿಯಾಗಿಯೇ ಬರೆದುಕೊಂಡನಂತೆ. ಮಂಗಳವಾರ ಮಧ್ಯಾಹ್ನ ಇದನ್ನು ಹೇಳಲೆಂದೇ ಫೋನ್ ಮಾಡಿದ್ದರು.